‘ಮೊದಲಿನ ಹಾಗಿಲ್ಲ’: ರಾಕ್ ಬ್ಯಾಂಡ್‌ಗಳು ದನಿ ಬದಲಿಸಿದ ಕಥೆ

ಕಾಸರಗೋಡಿನ ಕುಂಬಳೆ, ಬಾಯಾರು ಕಡೆಯ ಯಕ್ಷಗಾನ ಪ್ರಿಯರಿಗೆ ಈ ಜಗಳ ಹೊಸತಲ್ಲ. ಭಾಗವತರು ಪದ್ಯಕ್ಕೆ ರೂಢಿಯಲ್ಲಿಲ್ಲದ ರಾಗ ಹಾಕಿದರೆ ಸಾಕು, ಆಟ ಮುಗಿಯುವ ಮೊದಲೇ ಚರ್ಚೆ ಶುರು. ಅದೇ ಊರಿನ ಹುಡುಗರು ಇಯರ್‌ಫೋನ್ ಹಾಕಿಕೊಂಡು ರಾಕ್ ಕೇಳುತ್ತಾರೆ. ಮೆಚ್ಚಿನ ಬ್ಯಾಂಡ್ ಹೊಸ ಆಲ್ಬಂನಲ್ಲಿ ದನಿ ಬದಲಿಸಿದರೆ ಅವರದ್ದೂ ಅದೇ ಮಾತು: ‘ಮೊದಲಿನ ಹಾಗಿಲ್ಲ ಮಾರಾಯ.’

ಈ ಸಿಟ್ಟು ಶುರುವಾಗಿ ಅರವತ್ತು ವರ್ಷ ಆಯಿತು. 1965ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಜನಪದ ಸಂಗೀತ ಉತ್ಸವಕ್ಕೆ, ಸಾದಾ ಗಿಟಾರಿನ ಜನಪದ ಹಾಡಿಗೆ ಹೆಸರಾಗಿದ್ದ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದರು. ಸಭೆಯಲ್ಲಿ ಕೂಗಾಟವೇ ಆಯಿತು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ಏಸುವಿಗೆ ದ್ರೋಹ ಬಗೆದ ಯೂದನ ಹೆಸರು ಹಿಡಿದು ಅವರನ್ನು ಬೈದ.

ಅದೇ 1966ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಬೀಟಲ್ಸ್ ಬ್ಯಾಂಡಿನವರು ಊರೂರು ಸುತ್ತಿ ಹಾಡುವುದನ್ನೇ ನಿಲ್ಲಿಸಿದರು. ಅಭಿಮಾನಿಗಳ ಕಿರುಚಾಟದಲ್ಲಿ ತಮ್ಮ ಹಾಡು ತಮಗೇ ಕೇಳಿಸುತ್ತಿರಲಿಲ್ಲ. ವೇದಿಕೆಯಲ್ಲಿ ನುಡಿಸಲು ಆಗುತ್ತದೋ ಇಲ್ಲವೋ ಎಂಬ ಚಿಂತೆ ಹೋದ ಮೇಲೆ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂತರು. 1967ರ ‘ಸಾರ್ಜೆಂಟ್ ಪೆಪರ್ಸ್’ ಆಲ್ಬಂ ಹುಟ್ಟಿದ್ದು ಹೀಗೆ.

ದನಿ ಬದಲಾಗುವುದಕ್ಕೆ ಹೆಚ್ಚಾಗಿ ಇಂಥ ಸರಳ ಕಾರಣವೇ ಇರುತ್ತದೆ. ಹೊಸ ವಾದ್ಯ, ಧ್ವನಿಮುದ್ರಣ ನೋಡಿಕೊಳ್ಳುವ ಹೊಸ ನಿರ್ಮಾಪಕ, ಸುತ್ತಾಟದ ಸುಸ್ತು. ‘ದುಡ್ಡಿಗೆ ಮಾರಿಕೊಂಡರು’ ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಆದರೆ ಅದು ಅನ್ಯಾಯ.

ಅಮೆರಿಕದ ಮೆಟಾಲಿಕಾ ಬ್ಯಾಂಡ್ ತಗೊಳ್ಳಿ. 1988ರ ಆಲ್ಬಂನಲ್ಲಿ ಎರಡು ಹಾಡು ಒಂಬತ್ತು ನಿಮಿಷ ದಾಟುತ್ತವೆ. ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಗಿಟಾರ್, ಅಂದರೆ ತಗ್ಗು ಸ್ವರದ ಗಿಟಾರ್, ಕಿವಿಗೊಟ್ಟರೂ ಕೇಳಿಸುವುದಿಲ್ಲ. ಆ ಉದ್ದುದ್ದ ಹಾಡುಗಳನ್ನು ವೇದಿಕೆಯಲ್ಲಿ ನುಡಿಸಿ ಅವರಿಗೇ ಸಾಕಾಗಿತ್ತು. ಆಮೇಲೆ ಬಾಬ್ ರಾಕ್ ಎಂಬ ನಿರ್ಮಾಪಕ ಬಂದರು, ಎಲ್ಲರೂ ಒಟ್ಟಿಗೆ ನಿಂತು ನುಡಿಸಿ ಅಂದರು. 1991ರ ಕಪ್ಪು ಮುಖಪುಟದ ಆಲ್ಬಂನಲ್ಲಿ ವೇಗ ಇಳಿಯಿತು, ಹಾಡು ಚಿಕ್ಕದಾಯಿತು, ಬೇಸ್ ಎದೆಗೆ ಗುದ್ದುವಂತೆ ಕೇಳಿಸಿತು. ಅಮೆರಿಕದಲ್ಲೇ ಒಂದೂವರೆ ಕೋಟಿಗಿಂತ ಜಾಸ್ತಿ ಮಾರಾಟವಾಯಿತು. ಹಳೆಯ ಅಭಿಮಾನಿಗಳು ಮುನಿಸಿಕೊಂಡದ್ದೂ ನಿಜ.

ಬದಲಾವಣೆ ಎಲ್ಲವೂ ಒಳ್ಳೆಯದೇ ಅಂತೇನಿಲ್ಲ. ಇದೇ ಬ್ಯಾಂಡ್ 2003ರಲ್ಲಿ ‘ಸೇಂಟ್ ಆ್ಯಂಗರ್’ ತಂದಿತು. ಹಾಡಿನ ನಡುವೆ ಗಿಟಾರ್ ಒಂದೇ ಮೆರೆಯುವ ಸೋಲೋ ಇಲ್ಲ, ತಾಳ ಹಿಡಿಯುವ ಸ್ನೇರ್ ಡ್ರಮ್ ಖಾಲಿ ಡಬ್ಬ ಬಡಿದಂತೆ ಕೇಳಿಸುತ್ತದೆ. ನನಗೆ ಇವತ್ತಿಗೂ ಅದು ಹಿಡಿಸಿಲ್ಲ.

ಬ್ರಿಟನ್ನಿನ ರೇಡಿಯೋಹೆಡ್ ಕಥೆ ಇನ್ನೂ ದೊಡ್ಡದು. 1997ರ ‘ಓಕೆ ಕಂಪ್ಯೂಟರ್’ ಗೆದ್ದ ಮೇಲೆ ಸುತ್ತಿ ಸುತ್ತಿ ಗಾಯಕ ಥಾಮ್ ಯಾರ್ಕ್ ಬಸವಳಿದರು. 2000ರ ಅಕ್ಟೋಬರ್‌ನಲ್ಲಿ ‘ಕಿಡ್ ಎ’ ಬಂತು. ಗಿಟಾರ್ ಬ್ಯಾಂಡ್ ಅಂತ ಹೆಸರಾದವರ ಆಲ್ಬಂ, ಮೊದಲ ಹಾಡಲ್ಲಿ ಗಿಟಾರೇ ಇಲ್ಲ! ಕೀಬೋರ್ಡ್ ಒಂದೇ ಸಮನೆ ಸಾಗುತ್ತದೆ. ಯಾರ್ಕ್ ಅವರ ದನಿಯನ್ನು ತುಂಡು ತುಂಡು ಮಾಡಿ ಅದರ ಸುತ್ತ ಹರಡಿದ್ದಾರೆ. ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್ 1920ರ ದಶಕದ ಫ್ರೆಂಚ್ ವಿದ್ಯುತ್ ವಾದ್ಯ ಓಂಡ್ ಮಾರ್ಟೆನೋ ನುಡಿಸಿದರು. ಪ್ರಚಾರಕ್ಕೆ ಒಂದೊಂದೇ ಹಾಡನ್ನು ಬಿಡಿಯಾಗಿ, ಅಂದರೆ ಸಿಂಗಲ್ ಆಗಿ, ಬಿಡಲಿಲ್ಲ. ಆದರೂ ಬ್ರಿಟನ್, ಅಮೆರಿಕ ಎರಡೂ ಕಡೆ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿತು. ಅಷ್ಟು ಹೆಸರು ಬಂದ ಮೇಲೆ ಅದನ್ನೆಲ್ಲ ಪಣಕ್ಕಿಡುವುದಕ್ಕೆ ಧೈರ್ಯ ಬೇಕು, ಅಲ್ವಾ?

ನಮ್ಮ ಕಾಸರಗೋಡಿಗೆ ಹತ್ತಿರದ ಉದಾಹರಣೆಯೂ ಉಂಟು. ಕೊಚ್ಚಿಯ ಮದರ್‌ಜೇನ್ ಬ್ಯಾಂಡ್ 1996ರದ್ದು, ಹಾಡುವುದು ಇಂಗ್ಲಿಷ್‌ನಲ್ಲಿ. ಮೊದಲ ಆಲ್ಬಂ ಪಶ್ಚಿಮದ ರಾಕ್ ಕಡೆ ವಾಲಿತ್ತು. 2008ರ ಎರಡನೇ ಆಲ್ಬಂ ‘ಮಕ್ತೂಬ್’ನಲ್ಲಿ ಬೈಜು ಧರ್ಮಜನ್ ಗಿಟಾರ್ ಕರ್ನಾಟಕ ಸಂಗೀತದ ದಾರಿ ಹಿಡಿಯಿತು. ಸ್ವರದಿಂದ ಸ್ವರಕ್ಕೆ ಜಿಗಿಯದೆ, ತಂತಿಯ ಮೇಲೆ ಬೆರಳು ಜಾರಿಸಿ, ಅಲ್ಲೇ ತೂಗಿಸಿ ಗಮಕ ತೆಗೆಯುತ್ತಾರೆ. ಅದೇ ವರ್ಷ ತಿರುವನಂತಪುರದ ಅವಿಯಲ್ ಬ್ಯಾಂಡ್ ಮಲಯಾಳದಲ್ಲೇ ರಾಕ್ ಹಾಡಿ ಮೊದಲ ಆಲ್ಬಂ ತಂದಿತು.

ಭಾಗವತಿಕೆ, ಚೆಂಡೆ, ತೆಯ್ಯಂ ಕೇಳಿ ಬೆಳೆದ ಇಲ್ಲಿನ ಕಿವಿಗೆ ‘ಮಕ್ತೂಬ್’ ದೂರದ್ದು ಅನಿಸುವುದಿಲ್ಲ. ರಾಕ್ ಅಂದರೆ ಮುಖ ತಿರುಗಿಸುವವರಿಗೂ ಧೈರ್ಯವಾಗಿ ಕೇಳಿಸಬಹುದು. 2010ರಲ್ಲಿ ಬೈಜು ಬ್ಯಾಂಡ್ ಬಿಟ್ಟರು. ಆ ಗಮಕ ಇದ್ದದ್ದು ಅವರ ಬೆರಳಲ್ಲಿ. ಅವರು ಹೋದ ಮೇಲೆ ಮದರ್‌ಜೇನ್ ಯಾಕೆ ಮೊದಲಿನ ಹಾಗೆ ಕೇಳಿಸುವುದಿಲ್ಲ ಅಂತ ಕೇಳುವವರು ಮೊದಲು ನೆನಪಿಡಬೇಕಾದದ್ದು ಇದನ್ನೇ.