ಕೂರಸ್ ಊರು 400 ವರ್ಷದ ಹಿಂದಿನ ಹಾಗೇ ಉಳಿದದ್ದು ಹೇಗೆ?

ಓದುಗರ ಪ್ರಶ್ನೆ: ಸ್ಕಾಟ್ಲೆಂಡಿನ ಕೂರಸ್ ಊರಿನ ಫೋಟೋ ನೋಡಿದೆ. ಕೆಂಪು ಹಂಚಿನ ಮನೆಗಳು, ಕಲ್ಲು ಹಾಸಿದ ಓಣಿ, ಎಲ್ಲವೂ ಹಳೇದು. ಇಷ್ಟೆಲ್ಲ ಒಂದೇ ಕಡೆ ಹೇಗೆ ಉಳಿಯಿತು?

ಬಡತನದಿಂದ ಉಳಿಯಿತು. ದುಡ್ಡಿದ್ದ ಊರುಗಳು ಹಳೆ ಮನೆ ಕೆಡವಿ ಹೊಸದು ಕಟ್ಟಿಕೊಂಡವು. ಕೂರಸ್‌ನವರ ಕೈಯಲ್ಲಿ ಅದಕ್ಕೆ ಕಾಸಿರಲಿಲ್ಲ, ಅಷ್ಟೇ.

ಮೊದಲು ಹಾಗಿರಲಿಲ್ಲ. ಫೋರ್ತ್ ಕೊಲ್ಲಿಯ ದಡದ ಈ ಊರಲ್ಲಿ 1217ರಲ್ಲೇ ಕ್ರೈಸ್ತ ಸನ್ಯಾಸಿಗಳ ಮಠ ಶುರುವಾಗಿತ್ತು. ಆಮೇಲೆ ಬಂದವನು ವ್ಯಾಪಾರಿ ಜಾರ್ಜ್ ಬ್ರೂಸ್. 16ನೇ ಶತಮಾನದ ಕೊನೆಗೆ ಅವನು ಸಮುದ್ರದ ತಳಕ್ಕೇ ಕಲ್ಲಿದ್ದಲು ಗಣಿ ತೋಡಿಸಿದ. ಗಣಿಯ ಒಂದು ಬಾಯಿ ದಡದಲ್ಲಿ, ಇನ್ನೊಂದು ನೀರಿನ ನಡುವೆ ಕಲ್ಲಿನಿಂದ ಕಟ್ಟಿ ಎಬ್ಬಿಸಿದ ಗುಂಡನೆ ಕಟ್ಟೆಯೊಳಗೆ. ಹಡಗುಗಳು ಅಲ್ಲಿಗೇ ಬಂದು ಕಲ್ಲಿದ್ದಲು ತುಂಬಿಕೊಂಡು ಹೋಗುತ್ತಿದ್ದವು. 1617ರಲ್ಲಿ ಆರನೇ ಜೇಮ್ಸ್ ದೊರೆ ದಡದಲ್ಲಿ ಗಣಿಗಿಳಿದು ಆ ಕಡೆ ಮೇಲೆ ಬಂದಾಗ ಸುತ್ತಲೂ ನೀರು ಕಂಡು ‘ದ್ರೋಹ! ದ್ರೋಹ!’ ಎಂದು ಕೂಗಿಕೊಂಡನಂತೆ. ಎಂಥವರಿಗೂ ಎದೆ ಝಲ್ ಅನ್ನುತ್ತೆ ಅಲ್ವಾ?

ಅದೇ ಕಲ್ಲಿದ್ದಲಿನ ಬೆಂಕಿಯಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದರು. ಬ್ರೂಸ್ 1597ರಿಂದ 1611ರೊಳಗೆ ಕಟ್ಟಿಸಿದ ಮನೆಯನ್ನು ಈಗ ಅರಮನೆ ಅನ್ನುತ್ತಾರೆ, ಆದರೆ ಅದು ರಾಜನ ಮನೆಯಲ್ಲ, ವ್ಯಾಪಾರಿಯ ಮನೆ. ಗೋಡೆಗೆ ಅರಿಶಿನದಂಥ ಬಣ್ಣ. ನೀವು ಹೋದರೆ ಕಿಟಕಿಗಳನ್ನು ಸರಿಯಾಗಿ ನೋಡಿ: ಮೇಲರ್ಧಕ್ಕೆ ಮಾತ್ರ ಗಾಜು, ಕೆಳಗೆ ಮರದ ಬಾಗಿಲು. ಗಾಜು ಆಗ ಅಷ್ಟು ದುಬಾರಿ, ಇಂಥ ಸಿರಿವಂತನೂ ಅಳೆದು ಹಾಕಿಸಿದ್ದಾನೆ. ಒಳಗೆ ಮರದ ಸೂರಿನ ಮೇಲೆ ಬಿಡಿಸಿದ ಚಿತ್ರಗಳು ಇನ್ನೂ ಇವೆ.

1625ರಲ್ಲಿ ದೊಡ್ಡ ಬಿರುಗಾಳಿ ಎದ್ದು ಗಣಿಗೆ ನೀರು ನುಗ್ಗಿತು. ಅದೇ ವರ್ಷ ಬ್ರೂಸ್ ಕೂಡ ತೀರಿಕೊಂಡ. ಊರಿಗೆ ಇನ್ನೊಂದು ಕಸುಬಿತ್ತು, ಓಟ್ಸ್ ರೊಟ್ಟಿ ಬೇಯಿಸುವ ಕಬ್ಬಿಣದ ಕಾವಲಿ ಬಡಿಯೋದು. ಕಾರ್ಖಾನೆಗಳು ಅಚ್ಚಿಗೆ ಎರಕ ಹೊಯ್ದು ಅಗ್ಗದ ಕಾವಲಿ ಮಾರತೊಡಗಿದ ಮೇಲೆ ಅದೂ ಕೈಬಿಟ್ಟಿತು. ಬಂದರಿನಲ್ಲಿ ಹಡಗುಗಳು ಕಡಿಮೆಯಾದವು, ಮನೆಗಳು ಸುಮ್ನೆ ಹಳೆಯದಾಗುತ್ತಾ ನಿಂತವು.

ಹಾಗೇ ಬಿಟ್ಟಿದ್ದರೆ ಬಿದ್ದೇ ಹೋಗುತ್ತಿದ್ದವು. 1932ರಲ್ಲಿ ಹಳೆ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ ಬ್ರೂಸ್‌ನ ಮನೆಯನ್ನು ಬರೀ 700 ಪೌಂಡಿಗೆ ಕೊಂಡಿತು. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಅವರು ಅಕ್ಕಪಕ್ಕದ ಸಣ್ಣ ಮನೆಗಳನ್ನೂ ಒಂದೊಂದಾಗಿ ರಿಪೇರಿ ಮಾಡಿಸಿದ್ದು. ಅವುಗಳಲ್ಲಿ ಇವತ್ತಿಗೂ ಸಂಸಾರಗಳಿವೆ. ಓಣಿಯಲ್ಲಿ ನಡುವಿನ ಕಲ್ಲುಸಾಲು ಸ್ವಲ್ಪ ಎತ್ತರಕ್ಕಿದೆ, ಗಮನಿಸಿ. ದೊಡ್ಡ ಮನುಷ್ಯರು ಅದರ ಮೇಲೆ ನಡೆಯುತ್ತಿದ್ದರು, ಉಳಿದವರು ಅಂಚಿನ ಕೊಚ್ಚೆಯಲ್ಲಿ. ಈಗ ಅದೇ ಸಾಲಿನ ಮೇಲೆ ಯಾರು ಬೇಕಾದರೂ ನಡೆಯಬಹುದು.