ಎಕರೆಗಟ್ಟಲೆ ಬೇಡ, ಗುಂಡುತೋಪಿಗೆ ನಾಲ್ಕು ಆನೆಹುಣಸೆ ಸಾಕು

ಗುಡಿಬಂಡೆ, ಬಾಗೇಪಲ್ಲಿ ಕಡೆಯ ರೈತರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ‘ಸಾರ್, ಬಾವೊಬಾಬ್ ಹಾಕಬಹುದಾ? ನೀರೇ ಬೇಡವಂತೆ, ಅದರ ಪುಡಿಗೆ ಒಳ್ಳೆ ರೇಟಂತೆ.’ ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಕಾಣದ ಊರುಗಳಲ್ಲಿ ಇಂಥ ಆಸೆ ಹುಟ್ಟುವುದು ಸಹಜ. ನನ್ನ ಉತ್ತರ ಇಷ್ಟೇ: ಮರ ಅಂತ ಧಾರಾಳವಾಗಿ ಹಾಕಿ, ಬೆಳೆ ಅಂತ ಹಾಕಬೇಡಿ.

ಇದು ನಮ್ಮಲ್ಲಿ ಆನೆಹುಣಸೆ ಅನ್ನಿಸಿಕೊಂಡಿರುವ ಮರ. ಮೂಲ ಆಫ್ರಿಕಾ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳನ್ನು ನೋಡಿದವರಿಗೆ ಅದರ ಗಾತ್ರ ಹೇಳಬೇಕಿಲ್ಲ. ಹುಣಸೆಗೂ ಇದಕ್ಕೂ ಸಂಬಂಧವಿಲ್ಲ, ಹಣ್ಣಿನ ಹುಳಿ ಬಿಟ್ಟರೆ. ಬೂರುಗ, ಹತ್ತಿ, ದಾಸವಾಳ, ಬೆಂಡೆ ಇದರ ನೆಂಟರು. ಕೈಬೆರಳು ಹರಡಿದಂತೆ ಐದರಿಂದ ಏಳು ಎಲೆಗಳು ಒಂದೇ ತೊಟ್ಟಿನಲ್ಲಿರುತ್ತವೆ. ವರ್ಷದಲ್ಲಿ ಹಲವು ತಿಂಗಳು ಮರ ಬೋಳು.

ಕಾಂಡದ ಒಳಗೆ ಗಟ್ಟಿ ಚೇಗು ಇಲ್ಲ. ಸ್ಪಂಜಿನಂತೆ ಮೆತ್ತಗಿರುತ್ತದೆ, ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಆ ನೀರು ಮಳೆಗೆ ಮುಂಚೆ ಹೊಸ ಚಿಗುರು ಹೊರಡಿಸಲು, ಅಷ್ಟು ದೊಡ್ಡ ಮೈಯನ್ನು ನಿಲ್ಲಿಸಿಕೊಳ್ಳಲು ಬೇಕು. ಹಾಗಾಗಿ ಈ ಮರದಿಂದ ಹಲಗೆಯೂ ಬರದು, ಒಳ್ಳೆ ಸೌದೆಯೂ ಆಗದು. ತೊಗಟೆಯ ನಾರಿನಿಂದ ಆಫ್ರಿಕಾದಲ್ಲಿ ಹಗ್ಗ ಹೊಸೆಯುತ್ತಾರೆ, ಸುಲಿದ ತೊಗಟೆ ಮತ್ತೆ ಬೆಳೆಯುತ್ತದೆ. ಎಲೆಯನ್ನು ಸೊಪ್ಪಿನಂತೆ ಬೇಯಿಸುತ್ತಾರೆ, ಒಣಗಿಸಿ ಪುಡಿ ಮಾಡಿ ಸಾರು ಗಟ್ಟಿ ಮಾಡಲು ಬಳಸುತ್ತಾರೆ.

ಈಗ ದುಡ್ಡಿನ ಮಾತು. ಕಾಯಿಯೊಳಗಿನ ಬಿಳಿ ತಿರುಳು ಮರದಲ್ಲೇ ಒಣಗಿ ಪುಡಿಪುಡಿಯಾಗುತ್ತದೆ. 2008ರಲ್ಲಿ ಯುರೋಪಿಯನ್ ಒಕ್ಕೂಟ ಇದನ್ನು ಆಹಾರವಾಗಿ ಮಾರಲು ಒಪ್ಪಿತು, ಆಮೇಲೆ ಹೊರದೇಶಗಳಲ್ಲಿ ಹೆಸರು ಬಂತು. ಸಿ ಜೀವಸತ್ವ ಕಿತ್ತಳೆಗಿಂತ ಹಲವು ಪಟ್ಟು ಇದೆ, ನಿಜ. ಅದೇ ಬೇಕಿದ್ದರೆ ಬೆಟ್ಟದ ನೆಲ್ಲಿಕಾಯಿ ಇದೆಯಲ್ವಾ?

ಮೂವತ್ತು ಅಡಿಗೊಂದರಂತೆ ಹಾಕಿದರೆ ಎಕರೆಗೆ 48 ಮರ. ಬೀಜದ ಗಿಡ ಹೂವಿಗೆ ಬರಲು ಹತ್ತಿಪ್ಪತ್ತು ವರ್ಷ, ಕೆಲವಕ್ಕೆ ಇನ್ನೂ ಜಾಸ್ತಿ. ಕಸಿ ಮಾಡಿದರೆ ಬೇಗ ಬರುತ್ತದೆ. ಆದರೆ ಒಳ್ಳೆ ಕಾಯಿ ಬಿಟ್ಟ ತಾಯಿಮರದ ಕಸಿ ಕಡ್ಡಿ ನಮ್ಮ ಕಡೆ ಎಲ್ಲಿದೆ? ಆಫ್ರಿಕಾದಲ್ಲೂ ಕಾಯಿ ಬಹುಪಾಲು ತಾನಾಗಿ ಬೆಳೆದ ಮರಗಳಿಂದಲೇ ಬರುತ್ತದೆ. ಇನ್ನೊಂದು ತೊಡಕು ಪರಾಗದ್ದು. ದೊಡ್ಡ ಬಿಳಿ ಹೂ ಸಂಜೆ ಅರಳಿ ಮರುದಿನ ಬಾಡುತ್ತದೆ. ಮುಖ್ಯವಾಗಿ ಬಾವಲಿಗಳೇ ಪರಾಗ ಸಾಗಿಸಬೇಕು, ಅದೂ ಬೇರೆ ಮರದ್ದು. ಒಂಟಿ ಮರ ಹೂ ಬಿಟ್ಟೂ ಕಾಯಿ ಕಟ್ಟದೆ ನಿಲ್ಲಬಹುದು. ದ್ರಾಕ್ಷಿ, ಮಾವಿನ ತೋಟದವರು ಬಾವಲಿ ಕಂಡರೆ ಬಲೆ ಕಟ್ಟುವ ಸೀಮೆ ನಮ್ಮದು! ಒಣಭೂಮಿಯಲ್ಲಿ ಹುಳಿಯಿಂದಲೇ ಸಂಪಾದನೆ ಬೇಕೆನ್ನುವವರು ಕಸಿ ಹುಣಸೆ ಹಾಕಲಿ. ಕೊಳ್ಳುವವರು ತುಮಕೂರು, ಚಿಂತಾಮಣಿ ಮಾರುಕಟ್ಟೆಯಲ್ಲೇ ಇದ್ದಾರೆ.

ಇಷ್ಟು ಹೇಳಿದ ಮೇಲೂ ಊರ ಗುಂಡುತೋಪಿಗೆ, ಶಾಲೆಯ ಬಯಲಿಗೆ ಮೂರು ನಾಲ್ಕು ಗಿಡ ಹಾಕಿ ಅಂತಲೇ ನಾನು ಹೇಳುತ್ತೇನೆ. ನೀರು ಬಸಿಯುವ ಕೆಂಪು ಮಣ್ಣು, ಕಲ್ಲು ಮಿಶ್ರಿತ ನೆಲ ಅದಕ್ಕೆ ಒಗ್ಗುತ್ತದೆ. ಕೆರೆ ಅಂಗಳದಂತೆ ನೀರು ನಿಲ್ಲುವ ಜಾಗ ಬೇಡ. ಮನೆಯಿಂದ ನಲವತ್ತು ಅಡಿ ದೂರ ಇರಲಿ, ಮೇಲೆ ವಿದ್ಯುತ್ ತಂತಿ ಇರಬಾರದು.

ಬೀಜದ ಸಿಪ್ಪೆ ಬಹಳ ಗಟ್ಟಿ. ತಿರುಳು ತೊಳೆದು, ಒಂದು ಬದಿ ಉಪ್ಪುಕಾಗದದಲ್ಲಿ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ. ಜಾಸ್ತಿ ಬೀಜ ಇದ್ದರೆ ಕುದಿಯುವ ನೀರು ಸುರಿದು ಹಾಗೇ ಆರಲು ಬಿಡಬಹುದು. ಬೀಜ ಒಂದೇ ಸಲಕ್ಕೆ ಮೊಳೆಯುವುದಿಲ್ಲ, ಕೆಲವು ವಾರಗಟ್ಟಲೆ ಕಾಯಿಸುತ್ತವೆ. ಎಳೆಯ ಗಿಡದ ಬೇರು ಮೂಲಂಗಿಯಂತೆ ದಪ್ಪವಾಗಿ ಕೆಳಗಿಳಿಯುತ್ತದೆ, ಅದಕ್ಕೇ ಉದ್ದನೆಯ ಚೀಲ ಬೇಕು. ಮೊದಲ ಎಲೆಗಳು ಒಂಟಿಯಾಗಿರುತ್ತವೆ. ನರ್ಸರಿಯವರು ಮೋಸ ಮಾಡಿದರು ಅಂತ ಆಗಲೇ ಜಗಳಕ್ಕೆ ಹೋಗಬೇಡಿ. ದೊಡ್ಡ ಸಸಿ ಕೊಳ್ಳುವಾಗ ಮಾತ್ರ ಕಾಂಡ ಮುಟ್ಟಿ ನೋಡಿ. ಮುಳ್ಳಿದ್ದರೆ ಅದು ಬೂರುಗ.

ಮುಂಗಾರು ಹಿಡಿದ ಮೇಲೆ ನೆಡಿ. ಆಡು, ದನ ಈ ಎಲೆಯನ್ನು ಬಿಡುವುದಿಲ್ಲ, ಜಾಲಿ ಮುಳ್ಳಿನ ಬೇಲಿ ಆಗಲೇಬೇಕು. ಮೊದಲೆರಡು ಬೇಸಿಗೆ ಅಷ್ಟಿಷ್ಟು ನೀರು ಕೊಡಿ. ‘ನೀರೇ ಬೇಡ’ ಅನ್ನುವ ಮಾತು ಬೇರು ಇಳಿದ ಮರಕ್ಕೆ ಮಾತ್ರ.

ಗಿಡಗಳು ಜಾಸ್ತಿ ಸಾಯುವುದು ಚಳಿಗಾಲದಲ್ಲಿ, ಅದೂ ಪ್ರೀತಿಯಿಂದ. ಎಲೆ ಉದುರುತ್ತದೆ, ಮನೆಯವರು ಗಾಬರಿಯಾಗಿ ದಿನಾ ಕೊಡ ಕೊಡ ನೀರು ಸುರಿಯುತ್ತಾರೆ, ಬೇರು ಕೊಳೆಯುತ್ತದೆ. ಉಗುರಿನಿಂದ ಕಾಂಡ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಸುಮ್ನೆ ಬಿಟ್ಟುಬಿಡಿ. ಮರ ದೊಡ್ಡದಾದ ಮೇಲೆ ಅದಕ್ಕೊಂದು ಸಿಮೆಂಟಿನ ಕಟ್ಟೆ ಕಟ್ಟೋಣ ಅನ್ನುವವರು ಪ್ರತಿ ಊರಲ್ಲೂ ಇರುತ್ತಾರೆ. ಈ ಕಾಂಡ ಊದುತ್ತಲೇ ಹೋಗುತ್ತದೆ, ಬುಡದ ಮಣ್ಣಿಗೆ ಗಾಳಿ ಆಡಬೇಕು. ಕಟ್ಟೆ ಬೇಕೇ ಬೇಕಾದರೆ ಹತ್ತು ಹದಿನೈದು ಅಡಿ ಆಚೆ ಕಲ್ಲು ಚಪ್ಪಡಿ ಹಾಕಿಸಿ.