ಪಿಯುಸಿಯಲ್ಲಿ ಅಂಕ ಕಡಿಮೆಯಾದರೆ ನರ್ಸಿಂಗ್‌ಗೆ ಯಾವ ದಾರಿ?

ಪ್ರಶ್ನೆ: ಮಗಳಿಗೆ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಶೇ 52 ಅಂಕ ಬಂದಿವೆ. ನರ್ಸಿಂಗನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಬಿ.ಎಸ್‌ಸಿ. ಆಗುತ್ತದೆಯೇ? ಜಿಎನ್‌ಎಂ ಡಿಪ್ಲೊಮಾಕ್ಕೆ ಸೇರಿದರೆ ಮುಂದಿನ ದಾರಿ ಮುಚ್ಚಿದಂತೆ ಎನ್ನುತ್ತಾರಲ್ಲ, ನಿಜವೇ ಮೇಡಂ?
– ಶಿಗ್ಗಾವಿಯ ಓದುಗರೊಬ್ಬರು

ಫಲಿತಾಂಶದ ವಾರದಲ್ಲಿ ಹುಬ್ಬಳ್ಳಿಯ ನರ್ಸಿಂಗ್ ಶಿಕ್ಷಕರಿಗೆ ಈ ಪ್ರಶ್ನೆ ಬಾರದ ದಿನವಿಲ್ಲ. ಆದ್ದರಿಂದ ಈ ಸಲ ಬರೆದೇ ಇಡುತ್ತೇನೆ.

ಒಟ್ಟು ಶೇಕಡಾವಾರನ್ನು ಮೊದಲು ಬದಿಗಿಡಿ. ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್‌ಗೆ ಲೆಕ್ಕಕ್ಕೆ ಬರುವುದು ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮೂರೂ ಸೇರಿ ಶೇ 45, ಅಂದರೆ 300ಕ್ಕೆ 135, ಇಂಗ್ಲಿಷ್‌ನಲ್ಲಿ ಉತ್ತೀರ್ಣರಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಸಾಕು. ಕನ್ನಡದಲ್ಲಿ 85, ಇಂಗ್ಲಿಷ್‌ನಲ್ಲಿ 60, ಗಣಿತದಲ್ಲಿ 40 ಪಡೆದು ವಿಜ್ಞಾನದ ಮೂರು ವಿಷಯಗಳಲ್ಲಿ 128ಕ್ಕೆ ನಿಂತ ಸಾಮಾನ್ಯ ವರ್ಗದ ಹುಡುಗಿಗೆ ಒಟ್ಟು ಶೇ 52 ಇದ್ದರೂ ಅರ್ಹತೆ ಇಲ್ಲ; 600ಕ್ಕೆ ಪಡೆದ 269 ಅಂಕದಲ್ಲಿ ವಿಜ್ಞಾನದ ಮೂರರದ್ದೇ 141 ಇರುವ ಅವಳ ಗೆಳತಿಗೆ ಒಟ್ಟು ಶೇ 45 ತುಂಬದಿದ್ದರೂ ಅರ್ಹತೆ ಉಂಟು. ಅಂಕಪಟ್ಟಿ ತೆಗೆದು ಕೂಡಿಸಿ ನೋಡಿ. ನಾಲ್ಕಾರು ಅಂಕ ಕೊರತೆಯಾದರೆ ಅಂಕ ಹೆಚ್ಚಿಸಿಕೊಳ್ಳಲು ಪಿಯುಸಿ ಪರೀಕ್ಷೆ–2ಕ್ಕೆ ಕೂರಬಹುದು. ಸರ್ಕಾರಿ ಸೀಟು ಬೇಕಿದ್ದರೆ ಸಿಇಟಿ ಬರೆದಿರಲೇಬೇಕು.

ಇನ್ನು ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ. ಈ ಮೂರು ವರ್ಷಗಳ ಡಿಪ್ಲೊಮಾಕ್ಕೆ ಪಿಯುಸಿಯಲ್ಲಿ ಶೇ 40 ಸಾಕು. ಕಲಾ ವಿಭಾಗದವರೂ ಸೇರಬಹುದು. ‘ದಾರಿ ಮುಚ್ಚಿತು’ ಎಂಬ ಮಾತನ್ನು ಹುಟ್ಟಿಸಿದವರಾರೋ ತಿಳಿಯದು, ಆದರೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬ ಸಂಬಂಧಿಕರಿಗೂ ಅದು ಬಾಯಿಪಾಠ. ನಾನು ವರ್ಷಗಟ್ಟಲೆ ಅಲ್ಲಗಳೆದರೂ ಅದು ಸಾಯುತ್ತಿಲ್ಲ. ಜಿಎನ್‌ಎಂ ಮುಗಿಸಿದವರೂ ಬಿ.ಎಸ್‌ಸಿ. ಮುಗಿಸಿದವರೂ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತ ದಾದಿ, ನೋಂದಾಯಿತ ಸೂಲಗಿತ್ತಿ ಎಂದೇ ದಾಖಲಾಗುತ್ತಾರೆ. ನೋಂದಣಿಯಾದ ಮೇಲೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಓದಿದರೆ ಪದವೀಧರೆ, ಮೂರು ಮತ್ತು ಎರಡು ಐದು, ಅಂದರೆ ನೇರ ದಾರಿಗಿಂತ ಹೆಚ್ಚಾಗುವುದು ಒಂದೇ ವರ್ಷ. ಆಮೇಲೆ ಎಂ.ಎಸ್‌ಸಿ.ಗೆ ಕೇಳುವುದು ನರ್ಸಿಂಗ್ ಪದವಿಯ ಶೇ 55 ಮತ್ತು ಒಂದು ವರ್ಷದ ಅನುಭವವನ್ನು. ಪಿಯುಸಿಯ ಅಂಕ ಅಷ್ಟರಲ್ಲಿ ಹಿಂದೆ ಉಳಿದಿರುತ್ತದೆ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿ ಹುದ್ದೆಗೂ, ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಜಿಎನ್‌ಎಂನವರು ಅರ್ಜಿ ಹಾಕುತ್ತಾರೆ. ಮುಚ್ಚಿದ ಬಾಗಿಲು ಎಲ್ಲಿದೆ, ಯಾರಾದರೂ ತೋರಿಸಲಿ. ನಿಜವಾಗಿ ಮುಚ್ಚಿರುವುದು ಪರಿಷತ್ತಿನ ನೋಂದಣಿಯೇ ಸಿಗದ ಆರು ತಿಂಗಳ, ಒಂದು ವರ್ಷದ ‘ನರ್ಸಿಂಗ್ ಕೋರ್ಸು’ಗಳ ಮುಂದಿನ ದಾರಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಾವೇರಿ, ಗದಗ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಮೊದಲ ವರ್ಷ ಬೆದರುವುದು ಅಂಗರಚನಾಶಾಸ್ತ್ರದ ಇಂಗ್ಲಿಷಿಗೆ. ಆ ಪದಗಳಲ್ಲಿ ಹೆಚ್ಚಿನವು ಗ್ರೀಕ್, ಲ್ಯಾಟಿನ್ ಮೂಲದವಾದ್ದರಿಂದ ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸವು. ‘ಐಟಿಸ್’ ಎಂದರೆ ಉರಿಯೂತ, ‘ಹೆಪಾಟ್’ ಯಕೃತ್ತು, ‘ನೆಫ್ರ್’ ಮೂತ್ರಪಿಂಡ, ‘ಆರ್ಥ್ರ್’ ಕೀಲು. ಇಂಥ ಐವತ್ತು ತುಣುಕುಗಳನ್ನು ಈ ರಜೆಯಲ್ಲೇ ಕಲಿತಿಟ್ಟುಕೊಂಡರೆ ನೆಫ್ರೈಟಿಸ್ ಏನೆಂದು ನಿಮ್ಮ ಮಗಳು ಯಾರನ್ನೂ ಕೇಳಬೇಕಾಗುವುದಿಲ್ಲ. ಇನ್ನು ವಾರ್ಡಿನಲ್ಲಿ ಅಜ್ಜಿಯೊಬ್ಬರು ‘ಎದಿ ಉರಿತೈತಿ ತಂಗಿ’ ಎಂದಾಗ, ಆ ಮಾತನ್ನು ಅವಳಿಗೆ ನಾವು ಪಾಠ ಮಾಡಬೇಕಾಗಿಯೂ ಇಲ್ಲ.